ಹತ್ತು ಕಿಲೋಮೀಟರಿನ ಸುತ್ತುದಾರಿ

ನಮ್ಮ ಕಿನ್ಮೆನ್ ದ್ವೀಪದಲ್ಲಿ ಯಾರಾದರೂ ಎದುರು ಸಿಕ್ಕರೆ ಊಟ ಆಯಿತೇ ಎಂದು ಕೇಳುವುದು ವಾಡಿಕೆ. ಯಾಪ್ ಚುನ್ಹೀ ಎದುರು ಸಿಕ್ಕರೆ ಮಾತ್ರ ಜನ ಕೇಳುತ್ತಿದ್ದುದು, "ಎಷ್ಟು ಹೊತ್ತಾಗುತ್ತೆ ಚುನ್ಹಿಯಕ್ಕ?" ಎಂದು. ಎಲ್ಲಿಂದ ಎಲ್ಲಿಗೆ ಎಂದು ಬಾಯಿ ಬಿಡುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ವಿಮಾನ ಟಿಕೆಟ್ ಅಂಗಡಿಯಲ್ಲಿ ಮೂವತ್ತು ವರ್ಷ ಕುಳಿತವಳು ಅವಳು. ತೈಪೆಗೆ ಮುನ್ನೂರ ಇಪ್ಪತ್ತು ಕಿಲೋಮೀಟರು, ಒಂದು ಗಂಟೆ. ಬೆನ್ನಿಗೆ ಗಾಳಿಯಿದ್ದರೆ ಐದು ನಿಮಿಷ ಕಡಿಮೆ. ಮಂಜು ಕವಿದರೆ ಆಕಾಶವನ್ನೇ ಕೇಳಬೇಕು. ಗಡಿಯಾರಕ್ಕೇ ಗಂಟೆ ಹೇಳಿಕೊಡುವವಳು ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳಿಗೆ ಅದು ಒಳಗೊಳಗೇ ಖುಷಿ.

ಈಗ ಎದುರು ದಡದ ಶಿಯಾಮೆನ್‌ಗೆ ಲಾಂಚು ಓಡಾಡುತ್ತದೆ. ಅರ್ಧ ಗಂಟೆಯ ಹಾದಿ, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಖಾಲಿಯಾಗುವ ಮೊದಲೇ ದಡ ಬಂದಿರುತ್ತದೆ. ಈಗಿನ ಹುಡುಗರಿಗೆ ಹಿಂದಿನ ಕಥೆ ಹೇಳಿದರೆ ನಂಬುವುದಿಲ್ಲ. ನಮ್ಮ ಪಶ್ಚಿಮದ ಕಡಲತೀರದಲ್ಲಿ ನಿಂತರೆ ಶಿಯಾಮೆನ್ನಿನ ಕಟ್ಟಡಗಳು ಕಾಣುತ್ತವೆ. ನಡುವೆ ಇರುವುದು ಹತ್ತು ಕಿಲೋಮೀಟರು ನೀರು. ನಲವತ್ತೊಂಬತ್ತನೇ ಇಸವಿಯಲ್ಲಿ ಆ ದಡದ ಸರ್ಕಾರ, ನಮ್ಮನ್ನಾಳುವ ತೈವಾನಿನ ಸರ್ಕಾರ ಎರಡೂ ಜಗಳವಾಡಿಕೊಂಡು ಆ ನೀರಿಗೆ ಬಾಗಿಲು ಹಾಕಿದವು. ಎಷ್ಟೋ ವರ್ಷ ಅದರ ಮೇಲೆ ಹಾರಿದ್ದು ಫಿರಂಗಿ ಗುಂಡು ಮಾತ್ರ. ಕೊನೆಗೆ ಹೋಗಲು ಬಿಟ್ಟಾಗಲೂ ನೇರವಾಗಿ ಬಿಡಲಿಲ್ಲ. ಮೊದಲು ತೈಪೆಗೆ ಹಾರಬೇಕು. ಅಲ್ಲಿಂದ ಹಾಂಗ್‌ಕಾಂಗ್‌ಗೆ ಎಂಟುನೂರು ಕಿಲೋಮೀಟರು, ಒಂದು ಮುಕ್ಕಾಲು ಗಂಟೆ. ಹಾಂಗ್‌ಕಾಂಗ್‌ನಿಂದ ಶಿಯಾಮೆನ್‌ಗೆ ಐನೂರು, ಒಂದು ಗಂಟೆ ಹತ್ತು ನಿಮಿಷ. ಹತ್ತು ಕಿಲೋಮೀಟರು ದಾಟುವುದಕ್ಕೆ ಸಾವಿರದ ಆರುನೂರ ಇಪ್ಪತ್ತು! ಹೀಗೆ ಗೆರೆ ಎಳೆದವರ ತಲೆ ಸರಿಯಿತ್ತೇ ಎಂದು ನನ್ನನ್ನು ಕೇಳಬೇಡಿ, ಅವರು ನಮ್ಮನ್ನೇನೂ ಕೇಳಿರಲಿಲ್ಲ.

ಈ ಸುತ್ತುದಾರಿಯನ್ನು ಮುದುಕ ಮುದುಕಿಯರಿಗೆ ಸುಗಮ ಮಾಡಿಕೊಡುವುದೇ ಚುನ್ಹಿಯ ಕೆಲಸ. ಒಬ್ಬೊಬ್ಬರಿಗೂ ತನ್ನ ದುಂಡು ಅಕ್ಷರದಲ್ಲಿ ಒಂದು ಚೀಟಿ ಬರೆಯುತ್ತಿದ್ದಳು. ಎಷ್ಟು ದೂರ, ಎಷ್ಟು ಹೊತ್ತು, ಎಲ್ಲಿ ಇಳಿದು ಎಷ್ಟು ಕಾಯಬೇಕು, ಶೌಚಾಲಯ ಯಾವ ಕಡೆ ಎಂಬುದೂ ಅದರಲ್ಲಿರುತ್ತಿತ್ತು. ಅವಳ ಚೀಟಿ ಹಿಡಿದು ಹೋದ ಒಬ್ಬರಿಗೂ ವಿಮಾನ ತಪ್ಪಿಲ್ಲ. ಹಾಗಿದ್ದ ಚುನ್ಹೀ ತನ್ನ ಹೆತ್ತವ್ವನನ್ನೇ ದಾರಿಯಲ್ಲಿ ಬಿಟ್ಟುಬಂದಳು ಎಂದರೆ ಯಾರು ನಂಬುತ್ತಾರೆ? ಆದರೂ ಅದು ನಿಜ.

ಚುನ್ಹಿಯ ಅವ್ವನ ಹೆಸರು ಬೊಂಗ್ಚೀ. ನಮ್ಮ ಕಡೆ ಬೇಡದ ಹೆಣ್ಣು ಹುಟ್ಟಿದಾಗ ಇಡುತ್ತಿದ್ದ ಹೆಸರು ಅದು, 'ಹೇಗೋ ಸಾಕಿದರಾಯ್ತು ಬಿಡು' ಎಂದು ಅರ್ಥ. ಆಕೆಗೆ ಇಪ್ಪತ್ತೈದಾಗಿದ್ದಾಗ ಒಂದು ಬೆಳಗ್ಗೆ ಗಂಡ ಒಣಗಿಸಿದ ಸಿಂಪಿ ಮಾಂಸದ ಬುಟ್ಟಿ ಹೊತ್ತು ಶಿಯಾಮೆನ್ ಸಂತೆಗೆ ಹೊರಟ. ನಾಲ್ಕು ವರ್ಷದ ಮಗ ಬುನ್‌ಹಾಯ್ ತಾನೂ ಬರುತ್ತೇನೆಂದು ನೆಲದ ಮೇಲೆ ಬಿದ್ದು ಹೊರಳಾಡಿದ. ಅವನನ್ನೂ ದೋಣಿ ಹತ್ತಿಸಿಕೊಂಡ. "ನೀನು ಇಲ್ಲೇ ಇರು, ಸಂಜೆಗೆ ಬರ್ತೀವಿ" ಎಂದು ಹೋದವನು ಬರಲಿಲ್ಲ. ಆ ವಾರವೇ ನೀರಿಗೆ ಬಾಗಿಲು ಬಿತ್ತು. ಚುನ್ಹೀ ಆಗ ಅವ್ವನ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು.

ಬೊಂಗ್ಚೀ ಕಾದಳು. ತೀರಕ್ಕೆ ಬೇಲಿ ಹಾಕಿದ್ದ ಸೈನಿಕರು ಗೇಟು ತೆಗೆದಾಗ ಕೆಸರಿಗಿಳಿದು, ಸಿಂಪಿ ಬೆಳೆಯಲೆಂದು ನೆಟ್ಟ ಕಲ್ಲುಚಪ್ಪಡಿಗಳಿಂದ ಅದನ್ನು ಕೆತ್ತಿ ಮಾರಿ, ಮಗಳನ್ನು ಓದಿಸಿದಳು. ಸೊಂಟ ನೆಟ್ಟಗೆ ಮಾಡಿದಾಗಲೆಲ್ಲ ಎದುರು ದಡ ಕಾಣುತ್ತಿತ್ತು. ಚುನ್ಹಿಗೆ ತೈವಾನಿನ ಒಬ್ಬ ಸಿಪಾಯಿಯ ಕಡೆಯಿಂದ ಸಂಬಂಧ ಬಂತು, ಒಳ್ಳೆಯ ಹುಡುಗ. ಅವ್ವನನ್ನು ಒಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಒಲ್ಲೆ ಎಂದಳು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ, ಅವಳೂ ಆ ಮಾತು ಎತ್ತಲಿಲ್ಲ. ಎಪ್ಪತ್ತರ ದಶಕ ಮುಗಿಯುವಾಗ ಹಾಂಗ್‌ಕಾಂಗ್ ಸುತ್ತಿಕೊಂಡು ಅಣ್ಣನ ಮೊದಲ ಕಾಗದ ಬಂತು. ಎರಡು ವರ್ಷದ ಮೇಲೆ ಇನ್ನೊಂದು ಬಂತು, ಅಪ್ಪ ತೀರಿಹೋದ ಸುದ್ದಿಯದು. ಅಪ್ಪ ಅಲ್ಲಿ ಬೇರೆ ಮದುವೆಯಾಗಿರಲಿಲ್ಲ ಎಂಬ ಮಾತನ್ನು ಬೊಂಗ್ಚೀ ಮಗಳಿಂದ ಮೂರು ಸಲ ಓದಿಸಿಕೊಂಡಳು.

ಹೋಗಲು ದಾರಿ ತೆರೆದ ಮೇಲೆ ಚುನ್ಹೀ ಎಷ್ಟು ಕರೆದರೂ ಅವ್ವ ಜಪ್ಪಯ್ಯ ಎನ್ನಲಿಲ್ಲ.

"ಅಗೋ ಅಲ್ಲಿ ಕಾಣ್ತಿದೆಯಲ್ಲ, ಅದಕ್ಕೆ ಹೋಗೋಕೆ ಬೆನ್ನು ತಿರುಗಿಸಿ ತೈಪೆಗೆ ಹೋಗು ಅಂತೀಯಾ? ನನಗೇನು ಹುಚ್ಚಾ? ಲಾಂಚು ಬಿಡಲಿ, ಹೋಗ್ತೀನಿ."

"ಅವ್ವ, ಹಾರಾಟ ಒಟ್ಟು ನಾಲ್ಕು ಗಂಟೇನೂ ಇಲ್ಲ. ಐದು ನಿಮಿಷ ಕಮ್ಮೀನೇ."

"ನಿನ್ನ ಗಂಟೆ ನೀನೇ ಇಟ್ಕೊ. ಆ ಕಡೆ ನೀರು ಇಳಿಯೋ ಹೊತ್ತಿಗೆ ದೋಣಿ ಬಿಟ್ರೆ ಒಂದೇ ತಾಸು. ನನಗೆ ಗೊತ್ತಿಲ್ವಾ?"

ಹಾಗೆಂದವಳು ಅರವತ್ತೊಂಬತ್ತಕ್ಕೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದ ಮಗಳ ಕೈ ಹಿಡಿದು ಹೇಳಿದಳು.

"ಲಾಂಚು ಬಿಡೋ ಹಾಗೆ ಕಾಣಲ್ಲ ಕಣೆ ಚುನ್ಹೀ."

"ಬಿಡ್ತಾರವ್ವ. ಪೇಪರಲ್ಲಿ ಬಂದಿತ್ತು."

"ಪೇಪರು ಯಾವತ್ತಿಂದಲೂ ಹಾಗೇ ಹೇಳ್ತಿದೆ. ಇನ್ನು ನನ್ನ ಕೈಲಿ ಕಾಯೋಕಾಗಲ್ಲ. ನಿನ್ನ ಇಮಾನದಲ್ಲೇ ಕರ್ಕೊಂಡು ಹೋಗಿ ನಿಮ್ಮಪ್ಪನ ಹತ್ರ ಬಿಡು." ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು, "ಎಷ್ಟು ಹೊತ್ತಾಗುತ್ತೆ ಅಂದೆ?"

ಯಾರು ಕೇಳಿದರೂ ಪಟಪಟನೆ ಹೇಳುತ್ತಿದ್ದ ಚುನ್ಹೀ ಅವತ್ತು ಅವ್ವನ ಬಾಯಿಗೆ ಇನ್ನೊಂದು ಚಮಚ ಗಂಜಿ ಹಿಡಿದಳು.

ಕೆಲವೇ ದಿನಕ್ಕೆ ಬೊಂಗ್ಚೀ ತೀರಿಹೋದಳು. ನಮ್ಮಲ್ಲಿ ಸತ್ತವರಿಗೆ ಒಂದು ವರ್ಷ ಬೇರೆ ಧೂಪದ ಮಡಕೆ ಇಡುತ್ತಾರೆ. ವರ್ಷ ತುಂಬಿದ ಮೇಲೆ ಆ ಧೂಪದ ಬೂದಿಯನ್ನು ಮನೆತನದ ಹಿರಿಯರ ಮಡಕೆಗೆ ಬೆರೆಸಿದರೆ ಅವರು ತಮ್ಮವರ ಜೊತೆ ಸೇರಿದ ಹಾಗೆ. ಬೊಂಗ್ಚಿಯ ಗಂಡನ ಮಡಕೆ ಇದ್ದದ್ದು ಶಿಯಾಮೆನ್ನಿನಲ್ಲಿ, ಮಗನ ಮನೆಯಲ್ಲಿ. ತೊಂಬತ್ತನಾಲ್ಕರ ವಸಂತದಲ್ಲಿ ವರ್ಷ ತುಂಬಿತು. ಪಂಚಾಂಗ ನೋಡಿ ದಿನ ಗೊತ್ತುಮಾಡಿದರು. ಚುನ್ಹೀ ಒಂದು ಹಿಡಿ ಬೂದಿಯನ್ನೂ ಅವ್ವನ ಹೆಸರು, ಹುಟ್ಟಿದ ಗಳಿಗೆ ಬರೆದ ಕಾಗದವನ್ನೂ ಕೆಂಪು ಬಟ್ಟೆಯ ಚೀಲದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಗಂಡುಮಗ ಹೊರಬೇಕಾದದ್ದನ್ನು ಹೆಣ್ಣುಮಗಳು ಹೊರುವುದೇ ಎಂದು ನಾಲ್ಕು ಮಂದಿ ಮೂಗು ಮುರಿದರು. "ಗಂಡುಮಗ ನೀರಿನಾಚೆ ಇದ್ದಾನಲ್ಲ, ಈಜಿಕೊಂಡು ಬಂದು ಹೊರಬೇಕಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು.

ಬೂದಿ ಹೊತ್ತರೆ ಮುಗಿಯಲಿಲ್ಲ. ಜೀವ ಹೋದವರಿಗೆ ದಾರಿ ಗೊತ್ತಾಗುವುದಿಲ್ಲ. ಜೊತೆಗಿದ್ದವರು ಹೇಳುತ್ತಾ ಹೋಗಬೇಕು. ಮೆಟ್ಟಿಲು ಬಂದರೆ ಮೆಟ್ಟಿಲು, ಸೇತುವೆ ಬಂದರೆ ಸೇತುವೆ, ಹತ್ತುವುದು, ಇಳಿಯುವುದು, ತಿರುಗುವುದು, ಎಲ್ಲವನ್ನೂ. ಹೇಳದೆ ಹೋದರೆ ಅವರು ಅಲ್ಲೇ ಉಳಿದುಬಿಡುತ್ತಾರೆ. ಚುನ್ಹೀ ಹೇಳಿದಳು. "ಅವ್ವ, ಇದೇ ಇಮಾನ. ಏಣಿ ಹತ್ತು, ಕೆಳಗೆ ನೋಡಬೇಡ." "ಅವ್ವ, ತೈಪೆ ಬಂತು." ಅಲ್ಲಿ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವ ಬಸ್ಸಿನಲ್ಲಿ "ಅವ್ವ, ಸೇತುವೆ ಬಂತು, ಗಟ್ಟಿಯಾಗಿ ಹಿಡ್ಕೊ" ಎಂದಾಗ ಎದುರು ಸೀಟಿನ ಹೆಂಗಸು ಕೆಂಪು ಚೀಲ ನೋಡಿ, "ಕಿಟಕಿ ಕಡೆ ಕೂರಿಸಿಕೊಳ್ಳಮ್ಮ, ವಯಸ್ಸಾದವರಿಗೆ ತಲೆ ಸುತ್ತುತ್ತೆ" ಎಂದಳು. ಚುನ್ಹೀ ಜಾಗ ಬದಲಿಸಿದಳು.

ಎಡವಟ್ಟಾದದ್ದು ಹಾಂಗ್‌ಕಾಂಗ್‌ನಲ್ಲಿ. ತೈಪೆಯಲ್ಲೇ ಎರಡನೆಯ ವಿಮಾನ ತಡವಾಗಿ ಹೊರಟು, ಮೂರು ಗಂಟೆ ಕಾಯಬೇಕಿದ್ದ ಕಡೆ ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ. ಆದರೂ ಓಡೋಡಿ ಹೋಗಿ, ಗೇಟು ಹುಡುಕಿ ಹತ್ತಿದಳು. ಸೀಟಿನಲ್ಲಿ ಕುಳಿತು ಬೆವರು ಒರೆಸಿಕೊಂಡು, "ಅವ್ವ, ಶಿಯಾಮೆನ್‌ಗೆ ಹೊರಟ್ವಿ" ಎಂದಳು. ವಿಮಾನ ತಪ್ಪಲಿಲ್ಲವಲ್ಲ ಎಂದು ಹೆಮ್ಮೆಯೂ ಪಟ್ಟಳು.

ಶಿಯಾಮೆನ್ನಿನಲ್ಲಿ ಅಣ್ಣ ಬುನ್‌ಹಾಯ್ ಅವಳ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ನಲವತ್ತೊಂಬತ್ತು ವರ್ಷದ ಅಣ್ಣ, ನಲವತ್ತನಾಲ್ಕರ ತಂಗಿ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುವುದು ಅದೇ ಮೊದಲು. ಏನು ಮಾಡಬೇಕೆಂದು ತೋಚದೆ ಅಣ್ಣ ಅವಳ ಪೆಟ್ಟಿಗೆ ಕಿತ್ತುಕೊಂಡು ಮುಂದೆ ನಡೆದ. ಚುನ್ಹಿಯೇ ಹಿಂದಿನಿಂದ "ಅವ್ವ, ಅಣ್ಣ ಬಂದಿದಾನೆ, ಇತ್ತ ಬಾ" ಎಂದು ಹೇಳುತ್ತಾ ಹೋದಳು. ಅವನು ಕೆಂಪು ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ಅವನು ನಗರದ ಮುಂದಿನ ನಡುಗಡ್ಡೆಗೆ ಹೋಗುವ ಲಾಂಚಿನಲ್ಲಿ ಹಗ್ಗ ಕಟ್ಟುವವನು. ಲಾಂಚು ನಿಲ್ಲುವ ಧಕ್ಕೆಯಲ್ಲಿ ಹತ್ತುವವರಿಗೆ ಇಳಿಯುವವರಿಗೆ ಕೂಗಿ ಹೇಳುವುದೇ ಅವನ ಕಸುಬು.

"ಹಗಲೆಲ್ಲ ಕೂಗಿ ಕೂಗಿ ನಾಲಿಗೇನ ಧಕ್ಕೆಯಲ್ಲೇ ಬಿಟ್ಟು ಬರ್ತಾರೆ ಇವರು," ಎಂದು ಅತ್ತಿಗೆ ಹುನ್ನಾ ಬಿಸಿ ಶಾವಿಗೆಯ ಬಟ್ಟಲು ಮುಂದಿಡುತ್ತಾ ನಕ್ಕಳು. "ಮನೆಯಲ್ಲಿ ಮಾತಾಡೋದು ನಾನೊಬ್ಳೇ. ನೀನು ತಿನ್ನು ಚುನ್ಹೀ, ಅಣ್ಣ ಮಾತಾಡಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ನಿನ್ನ ಕಾಗದ ಬಂದಾಗಿನಿಂದ ಇವರು ಸರಿಯಾಗಿ ನಿದ್ದೆ ಮಾಡಿಲ್ಲ."

ಮಾರನೆಯ ಬೆಳಗ್ಗೆ, ಬೂದಿ ಬೆರೆಸುವ ದಿನದ ಹಿಂದಿನ ದಿನ, ಅವ್ವ ಬಂದಳೇ ಎಂದು ಕೇಳಲು ಪ್ವೆ ಹಾಕಿದರು. ಬಿದಿರಿನ ಬೇರಿನಿಂದ ಕೆತ್ತಿದ ಅರ್ಧಚಂದ್ರದಂಥ ಎರಡು ತುಂಡುಗಳು ಅವು, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎಸೆದಾಗ ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹೌದು. ಎರಡೂ ಅಂಗಾತ ಬಿದ್ದರೆ ಹಿರಿಯರು ನಗುತ್ತಿದ್ದಾರೆ. ಎರಡೂ ಮಗುಚಿ ಬಿದ್ದರೆ ಇಲ್ಲ. ಬುನ್‌ಹಾಯ್ ಎಸೆದ. ಇಲ್ಲ. ಮತ್ತೆ ಎಸೆದ. ಇಲ್ಲ. ಮೂರನೆಯ ಸಲವೂ ಎರಡೂ ಉಬ್ಬು ಮೇಲೆ ಮಾಡಿಕೊಂಡು ಬಿದ್ದವು.

ಅವ್ವ ಬಂದಿಲ್ಲ!

"ಸುಮ್ನೆ ನಿಂತರೆ ಆಗುತ್ತಾ? ಎಲ್ಲಿದ್ದಾರೆ ಅಂತ ಕೇಳಿ," ಎಂದಳು ಹುನ್ನಾ. ತಾನೇ ಕೈಮುಗಿದು ಒಂದೊಂದೇ ಊರು ಕೇಳತೊಡಗಿದಳು. "ಅತ್ತೆ, ಕಿನ್ಮೆನ್ನಲ್ಲೇ ಉಳಿದ್ರಾ?" ಇಲ್ಲ. "ತೈಪೇಲಾ?" ಇಲ್ಲ. "ಬಸ್ಸಲ್ಲಾ?" ಇಲ್ಲ. "ಹಾಂಗ್‌ಕಾಂಗ್‌ನಲ್ಲಾ?" ಒಂದು ಮಗುಚಿ, ಒಂದು ಅಂಗಾತ. ಮೂರು ಸಲ ಎಸೆದರೂ ಹಾಗೆಯೇ.

ಆಗ ಚುನ್ಹಿಗೆ ನೆನಪಾಯಿತು. ಹಾಂಗ್‌ಕಾಂಗ್‌ನಲ್ಲಿ ಹನ್ನೊಂದನೆಯ ಗೇಟಿನ ಮುಂದೆ, ಕಂಬದ ಪಕ್ಕ, ಕಿತ್ತಳೆ ಬಣ್ಣದ ಕುರ್ಚಿಗಳ ಸಾಲು. ಕೊನೆಯ ಕುರ್ಚಿ ತೋರಿಸಿ ತಾನೇ ಹೇಳಿದ್ದಳು, "ಅವ್ವ, ಇಲ್ಲೇ ಕೂತಿರು, ಕೇಳ್ಕೊಂಡು ಬಂದೆ." ಕೌಂಟರಿನಲ್ಲಿ ವಿಚಾರಿಸಿದರೆ ಗೇಟು ಬದಲಾಗಿದೆ, ಓಡಿ ಎಂದಿದ್ದರು. ಅವಳು ಅಲ್ಲಿಂದಲೇ ಓಡಿದ್ದಳು. ಏಳು ಎಂದು ಅವ್ವನಿಗೆ ಹೇಳಲೇ ಇಲ್ಲ.

ಬೇರೆ ಯಾರ ಅವ್ವನಾದರೂ ಆಗಿದ್ದರೆ ಒಂದಿಷ್ಟು ಹೊತ್ತು ಕಾದು ಎದ್ದು ಬಂದಾಳು. ಬೊಂಗ್ಚೀ ಅಂಥವಳಲ್ಲ. ಇಲ್ಲೇ ಇರು ಎಂದ ಗಂಡನ ಒಂದು ಮಾತಿಗೆ ನಲವತ್ತನಾಲ್ಕು ವರ್ಷ ಕೂತವಳು. ಈಗ ಮಗಳೂ ಅದೇ ಮಾತು ಹೇಳಿ ಬಿಟ್ಟುಬಂದಿದ್ದಳು. ಚುನ್ಹೀ ನೆಲದ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತಳು. ಊರಿನವರನ್ನೆಲ್ಲ ದಾಟಿಸಿದೆ, ನನ್ನವ್ವನನ್ನು ದಾಟಿಸಲಾಗಲಿಲ್ಲ ಎಂದು ಎದೆ ಬಡಿದುಕೊಂಡಳು.

ಬುನ್‌ಹಾಯ್ ಬಾಗಿಲ ಹತ್ತಿರ ಬೆನ್ನು ಹಾಕಿ ನಿಂತಿದ್ದ. "ನಿನ್ನ ತಪ್ಪಲ್ಲ," ಎಂದ. ಚುನ್ಹೀ ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. "ನಾನು ಬಾ ಅಂತ ಒಂದು ಸಲಾನೂ ಕರೀಲಿಲ್ಲ. ಅದಕ್ಕೇ ಬಂದಿರಲ್ಲ."

"ಯಾಕಣ್ಣ ಕರೀಲಿಲ್ಲ?"

"ಮುಖವೇ ನೆನಪಿಲ್ಲ ಚುನ್ಹೀ. ಎಷ್ಟು ತಿಣುಕಿದ್ರೂ ಬರಲ್ಲ. ಕೆಸರಿನ ಕಾಲು ನೆನಪಿದೆ ಅಷ್ಟೇ. ಮುಖ ಗೊತ್ತಿಲ್ದೆ ಅವ್ವ ಅಂತ ಹೇಗೆ ಕರೀಲಿ? ನಾಚಿಕೆ ಆಗುತ್ತೆ."

ಚುನ್ಹೀ ಎದ್ದು ಅವನ ಹತ್ತಿರ ಹೋದಳು. ಅಣ್ಣನ ಬೆನ್ನಿನ ಮೇಲೆ ಕೈಯಿಟ್ಟಳು. ಆ ಬೆನ್ನು ಅವ್ವನ ಬೆನ್ನಿನ ಹಾಗೆಯೇ ಬಲಕ್ಕೆ ಒಂಚೂರು ವಾಲಿತ್ತು.

ಹುನ್ನಾ ಮಾತ್ರ ಕೆಲಸದವಳು. "ಅಳೋದು ಆಮೇಲೆ ಅಳಿ. ನಾಳೆ ಸೂರ್ಯ ಮುಳುಗೋದ್ರೊಳಗೆ ಬೂದಿ ಬೆರೆಸಬೇಕು. ಇದು ತಪ್ಪಿದ್ರೆ ಪಂಚಾಂಗದಲ್ಲಿ ನಾಲ್ಕು ತಿಂಗಳು ದಿನ ಇಲ್ಲ, ನಿನಗೆ ರಜೆಯೂ ಇಲ್ಲ. ಅಲ್ಲೀ ತನಕ ಅತ್ತೆ ಆ ಕುರ್ಚಿ ಮೇಲೇ ಕೂತಿರಬೇಕಾ? ಹಾಂಗ್‌ಕಾಂಗ್‌ಗೆ ಹೋಗಿ ಬರೋಕೆ ಎಷ್ಟು ಹೊತ್ತಾಗುತ್ತೆ?"

"ಐನೂರು ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ," ಎಂದಳು ಚುನ್ಹೀ ಮೂಗು ಒರೆಸಿಕೊಳ್ಳುತ್ತಾ. "ಬೆಳಗ್ಗೆ ಹೋದ್ರೆ ಮಧ್ಯಾಹ್ನದ ಇಮಾನಕ್ಕೆ ವಾಪಸ್ ಬರಬಹುದು."

ಅಣ್ಣ ಜೊತೆಗೆ ಹೋಗುವಂತಿರಲಿಲ್ಲ, ಅವನಿಗೆ ಹಾಂಗ್‌ಕಾಂಗ್ ಪರವಾನಗಿ ಸಿಗಬೇಕಾದರೆ ತಿಂಗಳುಗಟ್ಟಲೆ ಬೇಕು. ಮರುದಿನ ಬೆಳಗ್ಗೆ ಚುನ್ಹೀ ಒಬ್ಬಳೇ ಕೆಂಪು ಚೀಲ ಕೊರಳಿಗೆ ಹಾಕಿಕೊಂಡು ಹೊರಟಳು. ಆ ಒಂದು ಗಂಟೆ ಹತ್ತು ನಿಮಿಷದಷ್ಟು ಉದ್ದನೆಯ ಹೊತ್ತನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಈ ಹೊತ್ತನ್ನೇ ಎಷ್ಟು ಹಗುರವಾಗಿ ಚೀಟಿಯ ಮೇಲೆ ಗೀಚುತ್ತಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಹಾಂಗ್‌ಕಾಂಗ್‌ನಲ್ಲಿ ಇಳಿದು ಹನ್ನೊಂದನೆಯ ಗೇಟಿನ ಹತ್ತಿರ ಓಡಿದಳು. ಕಂಬ ಇತ್ತು, ಕಿತ್ತಳೆ ಬಣ್ಣದ ಕುರ್ಚಿಗಳಿದ್ದವು. ಆದರೆ ಕೊನೆಯ ಕುರ್ಚಿಯಲ್ಲಿ ಒಬ್ಬ ದಢೂತಿ ಮುದುಕ ಪೇಪರು ಮುಖಕ್ಕೆ ಹೊದ್ದು ಗೊರಕೆ ಹೊಡೆಯುತ್ತಿದ್ದ.

"ಯಜಮಾನ್ರೇ, ಸ್ವಲ್ಪ ಏಳ್ತೀರಾ?" ಎಂದಳು ನಮ್ಮ ಮಾತಿನಲ್ಲೇ.

ಮುದುಕ ಪೇಪರು ಸರಿಸಿದ. ಅದೃಷ್ಟಕ್ಕೆ ಅವನೂ ನಮ್ಮ ಕಡೆಯ ಮಾತಿನವನೇ, ಮನಿಲಾದಲ್ಲಿ ಮೊಳೆ ತಂತಿಯ ಅಂಗಡಿ ಇಟ್ಟುಕೊಂಡಿದ್ದವನು. "ಅಷ್ಟೊಂದು ಕುರ್ಚಿ ಖಾಲಿ ಬಿದ್ದಿವೆಯಲ್ಲಮ್ಮ, ಇದೇ ಆಗಬೇಕಾ?"

"ಇದರಲ್ಲಿ ನಮ್ಮವ್ವ ಕೂತಿದಾಳೆ."

ಮುದುಕ ಅವಳ ಕೊರಳಿನ ಚೀಲ ನೋಡಿದ. ಚೇಳು ಕುಟುಕಿದವನ ಹಾಗೆ ಮೇಲೆದ್ದ. ಕುರ್ಚಿಯ ಕಡೆ ತಿರುಗಿ ಕೈಮುಗಿದು, "ತಪ್ಪಾಯ್ತು ತಾಯಿ, ಕಾಣಲಿಲ್ಲ. ನನ್ನ ಭಾರ ಎಲ್ಲಾ ನಿಮ್ಮ ಮೇಲೆ ಹಾಕಿಬಿಟ್ಟೆ," ಎಂದ. ಆಮೇಲೆ ಚುನ್ಹಿಯ ಕಡೆ ತಿರುಗಿದ. "ಎಷ್ಟು ಹೊತ್ತಿಂದ ಕೂತಿದಾರೆ?"

"ಎರಡು ದಿನ ಆಯ್ತು."

"ಎರಡು ದಿನಾನಾ! ಏನು ಹೆಣ್ಣಮ್ಮ ನೀನು! ಛತ್ರಿ ಮರೆತ ಹಾಗೆ ಹೆತ್ತವ್ವನ್ನ ಮರೆತು ಹೋಗ್ತಾರಾ? ಹೊಟ್ಟೆಗೇನು ಮಾಡಿದ್ರೋ ಪಾಪ." ಬೈಯುತ್ತಲೇ ತನ್ನ ಚೀಲದಿಂದ ಒಂದು ಕಿತ್ತಳೆ ತೆಗೆದು ಕುರ್ಚಿಯ ಮೇಲಿಟ್ಟ.

ಬೈಸಿಕೊಂಡದ್ದರಿಂದ ಚುನ್ಹಿಗೆ ಎಷ್ಟೋ ಸಮಾಧಾನವಾಯಿತು. ಕುರ್ಚಿಯ ಮುಂದೆ ಮೊಣಕಾಲೂರಿ ಕೂತಳು. ಸುತ್ತಮುತ್ತ ಪೆಟ್ಟಿಗೆ ಎಳೆದುಕೊಂಡು ಜನ ಹೋಗುತ್ತಿದ್ದರು. ಅವಳಿಗೆ ಅವರು ಯಾರೂ ಕಾಣಲಿಲ್ಲ.

"ಅವ್ವ, ನಾನು ಬಂದೆ. ಎದ್ದೇಳು. ಕೂತಿರು ಅಂದೋಳು ನಾನೇ, ಬಿಟ್ಟು ಓಡಿದೋಳೂ ನಾನೇ. ನೀನು ಯಾಕವ್ವ ಯಾರು ಏನು ಹೇಳಿದ್ರೂ ಕೂತುಬಿಡ್ತೀಯ? ಒಂದು ಸಲ ಆದ್ರೂ ಎದ್ದು ಬಂದು ಬೈಬಾರ್ದಾ ನನ್ನ? ಬಾರವ್ವ. ಕೈ ಕೊಡು."

ಪ್ವೆ ತಂದಿರಲಿಲ್ಲ. ಜೇಬಿನಲ್ಲಿದ್ದ ಎರಡು ನಾಣ್ಯ ತೆಗೆದಳು. ಪ್ವೆ ಇಲ್ಲದಾಗ ಅದೂ ನಡೆಯುತ್ತದೆ. ಮುದುಕ ಎರಡೂ ಕೈ ಚಾಚಿ "ಆ ಕಡೆಯಿಂದ ಹೋಗಿ, ಆ ಕಡೆಯಿಂದ" ಎಂದು ಜನರನ್ನು ತಡೆದು ನಿಂತ. ಮೊದಲ ಸಲ ಎರಡು ನಾಣ್ಯವೂ ತಲೆ ಮೇಲೆ ಮಾಡಿ ಬಿದ್ದವು.

"ನಗ್ತಿದಾರೆ ನೋಡು," ಎಂದ ಮುದುಕ. "ಕೋಪ ಇಲ್ಲ. ಇನ್ನೊಂದು ಸಲ ಕೇಳು."

ಎರಡನೆಯ ಸಲ ಒಂದು ತಲೆ, ಒಂದು ಬೆನ್ನು. ಚುನ್ಹೀ ನಾಣ್ಯಗಳನ್ನು ಆಯ್ದುಕೊಂಡು ಕಣ್ಣಿಗೊತ್ತಿಕೊಂಡಳು. ಕಿ‌ತ್ತಳೆಯನ್ನು ದಾರಿಗೆ ಇಟ್ಟುಕೊಳ್ಳಲು ಹೇಳಿ ಮುದುಕ ಅವರಿಬ್ಬರನ್ನೂ ಹೊಸ ಗೇಟಿನ ತನಕ ಬಿಟ್ಟುಹೋದ.

ಈ ಸಲ ಅವಳು ಒಂದು ಹೆಜ್ಜೆಯನ್ನೂ ಹೇಳದೆ ಬಿಡಲಿಲ್ಲ. "ಅವ್ವ, ಇಲ್ಲಿ ಎಡಕ್ಕೆ. ಇದು ತಾನೇ ಓಡೋ ಮೆಟ್ಟಿಲು, ಹೆದರಬೇಡ. ಇವರು ಟಿಕೆಟ್ ನೋಡೋರು. ಇದು ನಮ್ಮ ಸೀಟು." ವಿಮಾನ ಮೇಲೇರಿದ ಮೇಲೂ ಸುಮ್ಮನಿರಲಿಲ್ಲ. ಇನ್ನು ನಾಲ್ಕುನೂರು ಕಿಲೋಮೀಟರು ಅವ್ವ, ಇನ್ನು ಮುನ್ನೂರು ಎನ್ನುತ್ತಿದ್ದಳು. ಇಳಿಯುವ ಹೊತ್ತಿಗೆ ಮೋಡ ಹರಿದು ಬಿಸಿಲು ಬಿತ್ತು. ಬಲಗಡೆಯ ಕಿಟಕಿಯಲ್ಲಿ ನೀರಿನ ನಡುವೆ ಒಂದು ದ್ವೀಪ ಕಂಡಿತು. ಚುನ್ಹೀ ಬೆಚ್ಚಿದಳು. ಕೆಂಪು ಚೀಲವನ್ನು ಎತ್ತಿ ಗಾಜಿಗೆ ಹಿಡಿದಳು.

"ಅವ್ವ, ನೋಡು, ನಮ್ಮೂರು! ಅಗೋ ನೀನು ಸಿಂಪಿ ಕೆತ್ತುತ್ತಿದ್ದ ಕೆಸರು. ನೀರು ಇಳಿದಿದೆ ಈಗ."

ಒಂದೇ ಕಿಟಕಿಯಲ್ಲಿ ಅತ್ತ ಊರು, ಇತ್ತ ಶಿಯಾಮೆನ್. ನಡುವಿನ ನೀರು ಅವಳ ಹೆಬ್ಬೆರಳಿನಷ್ಟೂ ಅಗಲವಿರಲಿಲ್ಲ. ಅಷ್ಟು ವರ್ಷ ಕಿಲೋಮೀಟರು, ಗಂಟೆ, ನಿಮಿಷ ಎಂದು ಬರೆದದ್ದೆಲ್ಲ ಈ ಹೆಬ್ಬೆರಳಗಲದ ನೀರಿಗಾಗಿಯೇ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವ್ವನಿಗೆ ತೋರಿಸಲಾದರೂ ಸಿಕ್ಕಿತಲ್ಲ ಎಂದು ಅಳುವೂ ಬಂತು. ಪಕ್ಕದ ಸೀಟಿನವನು ತನ್ನ ಕರವಸ್ತ್ರ ಕೊಟ್ಟ.

ಶಿಯಾಮೆನ್ ನಿಲ್ದಾಣದ ಬಾಗಿಲಲ್ಲಿ ಬುನ್‌ಹಾಯ್ ನಿಂತಿದ್ದ. ಈ ಸಲ ಕೈಯಲ್ಲಿ ರಟ್ಟಿರಲಿಲ್ಲ, ಹೊಸ ಕಪ್ಪು ಛತ್ರಿಯಿತ್ತು. ಹಿರಿಯರ ಜೀವಕ್ಕೆ ಬಿಸಿಲು ತಾಗಬಾರದೆಂದು ಗಂಡುಮಗ ಹಿಡಿಯುವ ಛತ್ರಿ. ತಂಗಿಯ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಕೈ ನೀಡಿದ. ಚುನ್ಹೀ ಚೀಲ ತೆಗೆದು ಅವನ ಕೊರಳಿಗೆ ಹಾಕಿದಳು. ಅವನು ಛತ್ರಿ ಬಿಚ್ಚಿ ಎದೆಯ ಮುಂದೆ ಹಿಡಿದ.

"ಅವ್ವ," ಎಂದ. "ಮೆಟ್ಟಿಲಿದೆ. ಮೂರು. ಹೆಜ್ಜೆ ನೋಡ್ಕೊಂಡು ಬಾ."

ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಧಕ್ಕೆಯಲ್ಲಿ ಸಾವಿರ ಜನಕ್ಕೆ ಕೇಳಿಸುವ ಗಂಟಲು ಅದು. ಅವ್ವ, ಟ್ಯಾಕ್ಸಿ, ತಲೆ ತಗ್ಗಿಸು. ಅವ್ವ, ದೊಡ್ಡ ರಸ್ತೆ, ಬಲಕ್ಕೆ ತಿರುಗ್ತೀವಿ. ಇದು ನಾನು ಓದಿದ ಶಾಲೆ ಅವ್ವ. ಇದು ಮೀನಿನ ಮಾರ್ಕೆಟ್ಟು, ಅಪ್ಪ ಇಲ್ಲಿ ಬುಟ್ಟಿ ಹೊರ್ತಿದ್ರು. ಇಲ್ಲಿ ಮಳೆ ಬಂದ್ರೆ ನೀರು ನಿಲ್ಲುತ್ತೆ. ಡ್ರೈವರು ತಾನಾಗಿಯೇ ವೇಗ ತಗ್ಗಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ದಾರಿ ಬಿಟ್ಟರು. ಚುನ್ಹೀ ಕೇಳುತ್ತಾ ಹಿಂದೆ ಕೂತಿದ್ದಳು. ಮೂರು ದಿನದಲ್ಲಿ ಮೊದಲ ಸಲ ಗಡಿಯಾರ ನೋಡಿಕೊಳ್ಳಲಿಲ್ಲ.

ಮನೆ ಮುಟ್ಟಿದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಹುನ್ನಾ ಬಾಗಿಲು ಪೂರ್ತಿ ತೆರೆದಿಟ್ಟು ಧೂಪ ಹಚ್ಚಿಕೊಂಡು ಕಾಯುತ್ತಿದ್ದಳು. ಬುನ್‌ಹಾಯ್ ಹೊಸಿಲ ಮುಂದೆ ನಿಂತುಬಿಟ್ಟ. ಅಷ್ಟು ದೂರ ಕೂಗಿಕೊಂಡು ಬಂದವನ ಸ್ವರ ಅಲ್ಲಿ ಇಳಿದುಹೋಯಿತು.

"ಅವ್ವ, ಇದು ಹೊಸಿಲು. ದಾಟು. ಒಳಗೆ ಅಪ್ಪ ಇದ್ದಾರೆ."

ಅವನು ಪ್ವೆ ಎಸೆದ. ಮೊದಲ ಸಲಕ್ಕೇ ಒಂದು ಮಗುಚಿ, ಒಂದು ಅಂಗಾತ. ಹುನ್ನಾ "ಬಂದ್ರು, ಬಂದ್ರು" ಎಂದು ಅಂಗಿಯ ತೋಳಿಗೇ ಕಣ್ಣೊರೆಸಿಕೊಂಡಳು. ಬುನ್‌ಹಾಯ್ ಚೀಲ ಬಿಚ್ಚಿ ಬೂದಿಯನ್ನು ಅಪ್ಪನ ಮಡಕೆಗೆ ಸುರಿದು ಬೆರಳಿನಿಂದ ಮೆಲ್ಲಗೆ ಬೆರೆಸಿದ. ಅಲ್ಲಿಗೆ ಎಲ್ಲ ಮುಗಿದಿತ್ತು. ಆದರೆ ಅವನು ಮತ್ತೆ ಪ್ವೆ ಕೈಗೆತ್ತಿಕೊಂಡು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಇನ್ನೊಂದು ಸಲ ಎಸೆದ.

"ಆಯ್ತಲ್ಲಣ್ಣ, ಮತ್ತೇನು ಕೇಳಿದೆ?" ಎಂದಳು ಚುನ್ಹೀ.

"ನನ್ನ ಗುರುತು ಸಿಕ್ತಾ ಅಂತ."

ಮೂವರೂ ಬಗ್ಗಿ ನೋಡಿದರು. ಒಂದು ಮಗುಚಿ ಬಿದ್ದಿತ್ತು. ಇನ್ನೊಂದು ಸ್ವಲ್ಪ ಹೊತ್ತು ಉಬ್ಬಿನ ಮೇಲೆ ತೂಗಾಡಿ, ಅಂಗಾತವಾಗಿ ನಿಂತಿತು.